ಮಧ್ಯದಲ್ಲಿ ಕೊಂಡ ಬಾಂಡಿನ ಬಡ್ಡಿ: ರಿಟರ್ನಿನಲ್ಲಿ ಎಷ್ಟು, ಎಲ್ಲಿ ತೋರಿಸಬೇಕು?

ಟ್ರೆಷರಿ ಎಫ್‌ಡಿ, ಸಹಕಾರಿ ಬ್ಯಾಂಕಿನ ಠೇವಣಿ ಬಿಟ್ಟರೆ ಬೇರೆ ಕಡೆ ದುಡ್ಡಿಡುವ ರೂಢಿ ನಮ್ಮ ಕಾಸರಗೋಡಿನ ಪಿಂಚಣಿದಾರರಲ್ಲಿ ಅಷ್ಟಾಗಿ ಇರಲಿಲ್ಲ. ಈಗ ದಾರಿಗಳು ಹೆಚ್ಚಿವೆ. 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಎಂಬ ಆನ್‌ಲೈನ್ ವೇದಿಕೆ ಶುರುವಾದ ಮೇಲೆ ಕೇರಳ ಸರ್ಕಾರದ ಸಾಲಪತ್ರವನ್ನು ಕುಂಬಳೆಯ ಮನೆಯ ಜಗಲಿಯಲ್ಲಿ ಕೂತು ಮೊಬೈಲಿನಲ್ಲೇ ಕೊಳ್ಳಬಹುದು. ಆನ್‌ಲೈನ್ ವೇದಿಕೆಗಳಲ್ಲಿ ಕಂಪನಿ ಬಾಂಡುಗಳೂ (ಕಂಪನಿಗಳು ಸಾಲ ಎತ್ತಲು ಕೊಡುವ ಪತ್ರಗಳು) ಸಣ್ಣ ಮೊತ್ತಕ್ಕೆ ಸಿಗುತ್ತವೆ. ಕೊಳ್ಳುವಾಗ ಯಾರಿಗೂ ತಲೆಬಿಸಿಯಿಲ್ಲ. ಜುಲೈಯಲ್ಲಿ ಆದಾಯ ತೆರಿಗೆಯ ರಿಟರ್ನ್ ತುಂಬಲು ಕೂತಾಗಲೇ ಲೆಕ್ಕ ತಾಳೆಯಾಗುವುದಿಲ್ಲ. ಕೈಯಲ್ಲಿ ಉಳಿದದ್ದು ನಾಲ್ಕೂವರೆ ಸಾವಿರ, ಇಲಾಖೆಯ ಪಟ್ಟಿಯಲ್ಲಿ ಕಾಣುವುದು ಹದಿನೆಂಟು ಸಾವಿರ!

ಹೀಗಾಗುವುದು ಏಕೆ ಎಂಬುದನ್ನು ಮೊದಲು ನೋಡೋಣ. ಬಾಂಡಿನ ಬಡ್ಡಿ ವರ್ಷಕ್ಕೊಮ್ಮೆಯೋ ಆರು ತಿಂಗಳಿಗೊಮ್ಮೆಯೋ ಗೊತ್ತಾದ ದಿನ ಬರುತ್ತದೆ. ನೀವು ನಡುವೆ ಕೊಂಡರೆ, ಹಿಂದಿನ ಬಡ್ಡಿ ದಿನದಿಂದ ನೀವು ಕೊಂಡ ದಿನದವರೆಗಿನ ಬಡ್ಡಿ ಮಾರಿದವನಿಗೆ ಸೇರಬೇಕಾದದ್ದು. ಆದರೆ ಕಂಪನಿ ಅದನ್ನು ಇಬ್ಬರಿಗೂ ಹಂಚಿ ಕೊಡುವುದಿಲ್ಲ. ಬಡ್ಡಿ ಯಾರಿಗೆಂದು ಗುರುತಿಸುವ ರೆಕಾರ್ಡ್ ದಿನದಂದು ಬಾಂಡು ಯಾರ ಡಿಮ್ಯಾಟ್ ಖಾತೆಯಲ್ಲಿದೆಯೋ ಅವರಿಗೇ ಪೂರ್ತಿ ಬಡ್ಡಿ. ಅದಕ್ಕೇ ಮಾರುವವನ ಪಾಲನ್ನು ನೀವು ಕೊಳ್ಳುವಾಗಲೇ ಬೆಲೆಯ ಜೊತೆ ಕೊಟ್ಟುಬಿಟ್ಟಿರುತ್ತೀರಿ. ಕೊಯ್ಲಿಗೆ ಮೊದಲು ಅಡಿಕೆ ತೋಟ ಕೊಂಡರೆ ಮರದಲ್ಲಿರುವ ಗೊನೆಗಳನ್ನೂ ಲೆಕ್ಕ ಹಿಡಿದು ಕ್ರಯ ಮಾತಾಡುತ್ತೇವಲ್ಲ, ಹಾಗೆ.

ಮೊದಲು ಆ ಕಾಗದ ತೆಗೆದಿಡಿ

ಕೊಂಡ ದಿನ ಮೇಲ್‌ಗೆ ಬಂದ ಕಾಂಟ್ರಾಕ್ಟ್ ನೋಟ್ ಅಥವಾ ಡೀಲ್ ಶೀಟ್ ಇಲ್ಲದೆ ಈ ಲೆಕ್ಕ ಆಗದು. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಕಾಣುವುದು ಒಟ್ಟು ಮೊತ್ತ ಮಾತ್ರ. ನೋಟಿನಲ್ಲಿ ಮೂರು ಅಂಕಿಗಳು ಬೇರೆಬೇರೆ ಇರುತ್ತವೆ: ಕ್ಲೀನ್ ಪ್ರೈಸ್, ಅಂದರೆ ಬಾಂಡಿನದೇ ಬೆಲೆ, ಅಕ್ರೂಡ್ ಇಂಟರೆಸ್ಟ್, ಅಂದರೆ ಮಾರಿದವನಿಗೆ ನೀವು ಕೊಟ್ಟ ಬಡ್ಡಿ, ಕೊನೆಗೆ ಎರಡೂ ಸೇರಿದ ಮೊತ್ತ. ಕೆಲವು ವೇದಿಕೆಗಳು ಎದ್ದು ಕಾಣುವಂತೆ ಒಟ್ಟು ಮೊತ್ತವನ್ನಷ್ಟೇ ತೋರಿಸಿ, ಉಳಿದೆರಡನ್ನು ಸಣ್ಣ ಅಕ್ಷರದಲ್ಲಿ ಕೆಳಗೆ ಹಾಕುತ್ತವೆ. ಹುಡುಕಿ, ಗುರುತು ಹಾಕಿ, ಒಂದು ಪ್ರತಿ ಮುದ್ರಿಸಿ ಫೈಲಿನಲ್ಲಿಡಿ. ಬಾಂಡಿನ ಅವಧಿ ಐದು ವರ್ಷವಿದ್ದರೆ ಐದು ವರ್ಷದ ನಂತರವೂ ಈ ಕಾಗದ ಬೇಕಾಗುತ್ತದೆ. ಅಷ್ಟರಲ್ಲಿ ಆ ಮೇಲ್ ಎಲ್ಲಿ ಹೋಗಿರುತ್ತದೋ ದೇವರೇ ಬಲ್ಲ.

ಒಂದು ಲೆಕ್ಕ ಮಾಡಿ ನೋಡೋಣ

ನೀರ್ಚಾಲು ಕಡೆಯ ನಿವೃತ್ತ ಮಾಷ್ಟ್ರೊಬ್ಬರು 2025ರ ಸೆಪ್ಟೆಂಬರ್ 1ರಂದು ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿ ಬಾಂಡು ಕೊಂಡರು ಎಂದಿಟ್ಟುಕೊಳ್ಳಿ. ಮುಖಬೆಲೆ ₹1,000ದ 200 ಬಾಂಡು, ಒಟ್ಟು ₹2,00,000. ಬಡ್ಡಿ ಶೇ 9, ಪ್ರತಿ ವರ್ಷ ಡಿಸೆಂಬರ್ 1ರಂದು ಒಂದೇ ಕಂತಿನಲ್ಲಿ ₹18,000. ಕ್ಲೀನ್ ಪ್ರೈಸ್ ₹2,01,000.

ಹಿಂದಿನ ಡಿಸೆಂಬರ್ 1ರಿಂದ ಸೆಪ್ಟೆಂಬರ್ 1ಕ್ಕೆ 274 ದಿನ. 18,000ವನ್ನು 274ರಿಂದ ಗುಣಿಸಿ 365ರಿಂದ ಭಾಗಿಸಿದರೆ ₹13,512. ಮಾಷ್ಟ್ರು ಕೊಟ್ಟ ಒಟ್ಟು ಹಣ ₹2,14,512.

ಡಿಸೆಂಬರ್ 1ರಂದು ಖಾತೆಗೆ ಬಂದದ್ದು ₹16,200. ಶೇ 10ರಂತೆ ₹1,800 ಟಿಡಿಎಸ್ (ಬಡ್ಡಿ ಕೊಡುವವರೇ ಮೊದಲು ಮುರಿದುಕೊಳ್ಳುವ ತೆರಿಗೆ) ಮುರಿದಾಗಿದೆ. ಪಟ್ಟಿಯಾದ ಡಿಮ್ಯಾಟ್ ಬಾಂಡುಗಳಿಗೆ ಹಿಂದೆ ಟಿಡಿಎಸ್ ಇರಲಿಲ್ಲ; 2023ರ ಏಪ್ರಿಲ್ 1ರಿಂದ ಆ ವಿನಾಯಿತಿ ಹೋಯಿತು. 2025ರ ಏಪ್ರಿಲಿನಿಂದ ವರ್ಷಕ್ಕೆ ₹10,000 ದಾಟಿದರೆ ಮಾತ್ರ ಮುರಿಯುತ್ತಾರೆ. ಮಾಷ್ಟ್ರು ಬಾಂಡು ಇಟ್ಟುಕೊಂಡದ್ದು 91 ದಿನ, ನಿಜವಾಗಿ ದುಡಿದ ಬಡ್ಡಿ ₹4,488. ಅದರ ಮೇಲೆ ಮುರಿದದ್ದು ₹1,800! ಇಲ್ಲಿ ಕಂಪನಿಯದೇನೂ ತಪ್ಪಿಲ್ಲ. ನೀವು ಯಾರಿಂದ ಎಂದು ಕೊಂಡಿರಿ ಎಂಬ ಲೆಕ್ಕ ಅದಕ್ಕೆ ಬೇಕಿಲ್ಲ, ಪೂರ್ತಿ ಕೂಪನ್ನಿನ, ಅಂದರೆ ಆ ಕಂತಿನ ಬಡ್ಡಿಯ ಮೇಲೆ ಮುರಿಯುವುದಷ್ಟೇ ಅದರ ಕೆಲಸ.

ಬಡ್ಡಿಯ ಕಾಲಮ್ಮಿನಲ್ಲಿ ಬರೆಯಬೇಕಾದದ್ದು

ಹೆಚ್ಚಿನವರು ಇಲ್ಲೇ ಎಡವುವುದು. ಕೆಲವರು ಬ್ಯಾಂಕಿಗೆ ಬಂದ 16,200 ಬರೆಯುತ್ತಾರೆ. ಅದು ಖಂಡಿತ ತಪ್ಪು. ಟಿಡಿಎಸ್ ಕೂಡ ನಿಮ್ಮದೇ ಆದಾಯದ ಭಾಗ. ಇನ್ನು ಕೆಲವರು 18,000ದಿಂದ 13,512 ಕಳೆದು 4,488 ಬರೆಯುತ್ತಾರೆ. ನ್ಯಾಯವಾಗಿ ನೋಡಿದರೆ ಇದೇ ಸರಿ ಎನಿಸುತ್ತದೆ. ಅಮೆರಿಕದಲ್ಲಿರುವ ಮಗನೋ ಮಗಳೋ ಫೋನಿನಲ್ಲಿ ಹೇಳಿಕೊಡುವುದೂ ಇದನ್ನೇ. ಅಲ್ಲಿ ರಿಟರ್ನಿನ ಬಡ್ಡಿಯ ಪಟ್ಟಿಯಾದ ಶೆಡ್ಯೂಲ್ ಬಿಯಲ್ಲಿ ಪೂರ್ತಿ ಬಡ್ಡಿ ಬರೆದು, ಕೆಳಗೆ 'ಅಕ್ರೂಡ್ ಇಂಟರೆಸ್ಟ್' ಎಂದು ಕಾಣಿಸಿ ಕಳೆಯುವ ಕ್ರಮವಿದೆ. ನಮ್ಮ ಫಾರ್ಮಿನಲ್ಲಿ ಅಂಥ ಸಾಲು ಇಲ್ಲ.

ಇಲ್ಲದಿರುವುದರ ಹಿಂದೆ ನಮ್ಮ ಕರಾವಳಿಯದೇ ಒಂದು ಕತೆಯಿದೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋದ ವಿಜಯಾ ಬ್ಯಾಂಕು ಇದೇ ಪ್ರಶ್ನೆ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ತಾನು ವಹಿಸಿಕೊಂಡ ಜಯಲಕ್ಷ್ಮಿ ಬ್ಯಾಂಕಿನಿಂದ ಬಂದ ಸಾಲಪತ್ರಗಳೂ ಪೇಟೆಯಲ್ಲಿ ಕೊಂಡವೂ ಅದರ ಬಳಿ ಇದ್ದವು. ಕೊಳ್ಳುವ ಹೊತ್ತಿಗೆ ಕೂಡಿದ್ದ ಬಡ್ಡಿಗೆ ತಾನು ಕೊಟ್ಟ ಹಣವನ್ನು ಮುಂದೆ ಬಂದ ಬಡ್ಡಿಯಿಂದ ಕಳೆಯಬೇಕು ಎಂಬುದು ಬ್ಯಾಂಕಿನ ವಾದ. ಕೋರ್ಟ್ ಒಪ್ಪಲಿಲ್ಲ. ಆ ಹಣ ಸಾಲಪತ್ರ ಕೊಳ್ಳಲು ಹಾಕಿದ ಬಂಡವಾಳ, ಬಡ್ಡಿ ಗಳಿಸಲು ಮಾಡಿದ ಖರ್ಚಲ್ಲ ಎಂದಿತು. ತೀರ್ಪು 1991ರಲ್ಲಿ ಇನ್‌ಕಂ ಟ್ಯಾಕ್ಸ್ ರಿಪೋರ್ಟ್ಸಿನ 187ನೇ ಸಂಪುಟದಲ್ಲಿ ಅಚ್ಚಾಗಿದೆ. 2024ರ ಅಕ್ಟೋಬರಿನಲ್ಲಿ ಬ್ಯಾಂಕ್ ಆಫ್ ರಾಜಸ್ಥಾನ್ ಪ್ರಕರಣದಲ್ಲಿ ಅದೇ ಕೋರ್ಟ್, ಬ್ಯಾಂಕು ಸಾಲಪತ್ರಗಳನ್ನು ವ್ಯಾಪಾರದ ದಾಸ್ತಾನಾಗಿ ಇಟ್ಟುಕೊಂಡಿದ್ದರೆ ಕಳೆಯಬಹುದು ಎಂದು ಹೇಳಿತು. ಬಾಂಡುಗಳನ್ನು ಕೊಂಡು ಮಾರುವುದೇ ಕಸುಬಾದವರಿಗೆ ಇದು ಉಪಯೋಗಕ್ಕೆ ಬಂದೀತು; ಅವರು ತುಂಬುವ ವ್ಯಾಪಾರಿಗಳ ಫಾರ್ಮ್ ಐಟಿಆರ್-3ರ ದಾರಿಯೇ ಬೇರೆ. ಪಿಂಚಣಿಯ ದುಡ್ಡನ್ನು ಬಾಂಡಿನಲ್ಲಿಟ್ಟು ಬಡ್ಡಿ ಕಾಯುವ ಮಾಷ್ಟ್ರು ವ್ಯಾಪಾರಿಯಲ್ಲ, ಹೂಡಿಕೆದಾರ.

ಹಾಗಾಗಿ ನನ್ನ ಸಲಹೆ ಇಷ್ಟು. 'ಇತರ ಮೂಲಗಳ ಆದಾಯ'ದ ಶೆಡ್ಯೂಲ್ ಓಎಸ್‌ನಲ್ಲಿ ಬಡ್ಡಿ ಎಂದು ಪೂರ್ತಿ ₹18,000 ತೋರಿಸಿ. ಕೊಟ್ಟ ₹13,512ವನ್ನು ಬಾಂಡಿನ ಖರೀದಿ ವೆಚ್ಚಕ್ಕೆ ಸೇರಿಸಿಟ್ಟುಕೊಳ್ಳಿ. ಟಿಡಿಎಸ್ ಶೆಡ್ಯೂಲಿನಲ್ಲಿ ₹1,800 ಬಂದಿದೆಯೇ ನೋಡಿ. ಆದಾಯ ಗಳಿಸಲು ಮಾಡಿದ ಖರ್ಚು ಕಳೆಯುವ ಸೆಕ್ಷನ್ 57ರ ಅಡಿ ಇದನ್ನು ಕಳೆದು ತೋರಿಸುವ ಸಿಎಗಳೂ (ಲೆಕ್ಕಪರಿಶೋಧಕರು) ಇದ್ದಾರೆ. ಅವರೊಡನೆ ಜಗಳ ಬೇಡ, ಆದರೆ ನೋಟಿಸ್ ಬಂದರೆ ಉತ್ತರ ಕೊಡಬೇಕಾದವರು ನೀವು.

ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ತುಂಬಿಸುವವರು ಒಂದು ವಿಷಯಕ್ಕೆ ಎಚ್ಚರ ವಹಿಸಿ. ನಿಮ್ಮ ಆದಾಯದ ಬಗ್ಗೆ ಇಲಾಖೆಯ ಬಳಿಯಿರುವ ಪಟ್ಟಿಗೆ ಎಐಎಸ್ ಎನ್ನುತ್ತಾರೆ. "ಮಾಷ್ಟ್ರೇ, ಎಐಎಸ್‌ನಲ್ಲಿ 18,000 ಉಂಟಲ್ಲ, ನೀವು ಹೇಳುವುದು ಬೇರೆ, ತಪ್ಪು ಅಂತ ಫೀಡ್‌ಬ್ಯಾಕ್ ಹಾಕಲಾ?" ಎಂದು ಕೇಳಿದರೆ ಬೇಡ ಎನ್ನಿ. ಕಂಪನಿ ನಿಮ್ಮ ಹೆಸರಿಗೆ 18,000 ಕೊಟ್ಟದ್ದು ನಿಜ, ಮಾಹಿತಿ ಸರಿಯಾಗಿಯೇ ಇದೆ.

ಯಾವ ವರ್ಷಕ್ಕೆ ತೋರಿಸಬೇಕು ಎಂಬ ಪ್ರಶ್ನೆಯೂ ಬರುತ್ತದೆ. ಬಂದಾಗ ಲೆಕ್ಕ ಹಿಡಿಯುವ ನಗದು ಪದ್ಧತಿಯವರು ಬಡ್ಡಿ ಖಾತೆಗೆ ಬಿದ್ದ ವರ್ಷಕ್ಕೆ ತೋರಿಸಿದರಾಯಿತು. ಮಾರ್ಚ್ 31ಕ್ಕೆ ಕೂಡಿದ ಬಡ್ಡಿಯನ್ನು ಲೆಕ್ಕ ಹಾಕಿ ತೋರಿಸಬೇಕಾಗಿಲ್ಲ. ಒಂದು ವರ್ಷ ಹೀಗೆ, ಇನ್ನೊಂದು ವರ್ಷ ಹಾಗೆ ಮಾಡಬಾರದು ಅಷ್ಟೆ.

ಹಣ ಹಿಂದೆ ಬಂದ ವರ್ಷ

ಕೊಟ್ಟ ₹13,512 ಲೆಕ್ಕಕ್ಕೆ ಬರುವುದು ಬಾಂಡು ಮಾರಿದಾಗ ಅಥವಾ ಅವಧಿ ಮುಗಿದಾಗ. ನಮ್ಮ ಉದಾಹರಣೆಯ ಬಾಂಡು 2026ರ ಡಿಸೆಂಬರ್ 1ಕ್ಕೆ ಮುಗಿದು ₹2,00,000 ಹಿಂದೆ ಬಂದರೆ, ವೆಚ್ಚ ₹2,14,512 ಆದ್ದರಿಂದ ₹14,512 ನಷ್ಟ. 12 ತಿಂಗಳು ದಾಟಿದ ಪಟ್ಟಿಯಾದ ಬಾಂಡಾದ್ದರಿಂದ ಇದು ದೀರ್ಘಾವಧಿ ಬಂಡವಾಳ ನಷ್ಟ. ಆ ವರ್ಷ ಸರಳ ಫಾರ್ಮಾದ ಐಟಿಆರ್-1 ಸಾಲದು, ಐಟಿಆರ್-2 ತುಂಬಿ ಬಂಡವಾಳ ಲಾಭ-ನಷ್ಟದ ಶೆಡ್ಯೂಲ್ ಸಿಜಿಯಲ್ಲಿ ತೋರಿಸಬೇಕು.

ಬಡ್ಡಿಯ ಮೇಲಿನ ತೆರಿಗೆ ನಿಮ್ಮ ಸ್ಲ್ಯಾಬಿನ ದರದಲ್ಲಿ, ದೀರ್ಘಾವಧಿ ಲಾಭದ ತೆರಿಗೆ ಶೇ 12.5. ಶೇ 30ರ ಸ್ಲ್ಯಾಬಿನಲ್ಲಿರುವವರು ಆ 13,512ಕ್ಕೆ ಸೆಸ್ ಸೇರಿ ಸುಮಾರು ₹4,216 ಕಟ್ಟಿರುತ್ತಾರೆ. ಅಷ್ಟೇ ನಷ್ಟದಿಂದ ಉಳಿಯುವುದು ಹೆಚ್ಚೆಂದರೆ ₹1,757. ಅದೂ ಷೇರು, ಮ್ಯೂಚುವಲ್ ಫಂಡಿನಂಥ ಕಡೆ ದೀರ್ಘಾವಧಿ ಲಾಭವಿದ್ದರೆ ಮಾತ್ರ. ಆ ನಷ್ಟವನ್ನು ಪಿಂಚಣಿಯಿಂದಲೋ ಬಡ್ಡಿಯಿಂದಲೋ ಕಳೆಯಲು ಬರುವುದಿಲ್ಲ. ಈ ಏರ್ಪಾಡು ಸಣ್ಣ ಹೂಡಿಕೆದಾರನಿಗೆ ಅನ್ಯಾಯವೆಂದೇ ನನಗನಿಸುತ್ತದೆ. ತಪ್ಪಿಸಿಕೊಳ್ಳುವ ದಾರಿ ಕೊಳ್ಳುವಾಗಲೇ ಇದೆ: ಬಡ್ಡಿ ದಿನ ಕಳೆದ ಕೂಡಲೇ ಕೊಂಡರೆ ಕೊಡಬೇಕಾದ ಹಳೆಯ ಬಡ್ಡಿ ಕೆಲವು ದಿನಗಳದ್ದಷ್ಟೇ. ಮಾಷ್ಟ್ರು ಡಿಸೆಂಬರಿನ ತನಕ ಕಾದಿದ್ದರೆ ಇಷ್ಟು ಲೆಕ್ಕವೇ ಬೇಕಿರಲಿಲ್ಲ.

ಪಟ್ಟಿಯಾಗದ ಬಾಂಡುಗಳದ್ದು ಬೇರೆ ನಿಯಮ. 2024ರ ಜುಲೈ 23ರಂದು ಅಥವಾ ಅದರ ನಂತರ ಮಾರಿದರೂ ಅವಧಿ ಮುಗಿದರೂ, ಎಷ್ಟು ವರ್ಷ ಇಟ್ಟುಕೊಂಡಿದ್ದರೂ ಅದು ಅಲ್ಪಾವಧಿಯೇ. ಕೊಳ್ಳುವ ಮೊದಲೇ ಬಾಂಡು ಪಟ್ಟಿಯಾಗಿದೆಯೇ ಎಂದು ನೋಡಿಕೊಳ್ಳಿ.

ಸರ್ಕಾರಿ ಸಾಲಪತ್ರವಾದರೆ

ಕೇರಳ ಸರ್ಕಾರದ ಎಸ್‌ಡಿಎಲ್‌ಗೆ (ರಾಜ್ಯ ಸರ್ಕಾರದ ಸಾಲಪತ್ರಕ್ಕೆ) ಟಿಡಿಎಸ್ ಇಲ್ಲ. ಆದ್ದರಿಂದ ಮುರಿದ ತೆರಿಗೆಯ ವಿವರವಿರುವ 26ಎಎಸ್ ನೋಡಿ 'ಏನೂ ಇಲ್ಲವಲ್ಲ' ಎಂದು ಬಿಟ್ಟುಬಿಡುವವರಿದ್ದಾರೆ. ಮುರಿಯದಿದ್ದರೂ ತೆರಿಗೆ ಇದ್ದೇ ಇದೆ. ಪಾಸ್‌ಬುಕ್ಕಿನಲ್ಲಿ ಆರು ತಿಂಗಳಿಗೊಮ್ಮೆ ಬಿದ್ದ ಮೊತ್ತಗಳನ್ನು ನೀವೇ ಕೂಡಿಸಿ ಬರೆಯಬೇಕು. ಇಲ್ಲಿ ದಿನಗಳ ಲೆಕ್ಕವೂ ಬೇರೆ, ತಿಂಗಳಿಗೆ 30, ವರ್ಷಕ್ಕೆ 360. ಶೇ 7.5ರ ₹1,00,000 ಸಾಲಪತ್ರವನ್ನು ಬಡ್ಡಿ ದಿನದ ಎರಡು ತಿಂಗಳ ನಂತರ ಕೊಂಡರೆ ₹1,250 ಮೊದಲೇ ಕೊಟ್ಟು, ಮುಂದಿನ ಬಡ್ಡಿ ದಿನ ₹3,750 ಪಡೆಯುತ್ತೀರಿ. ತೋರಿಸಬೇಕಾದದ್ದು 3,750. ಹಿಂದೊಮ್ಮೆ ಹೊರಡಿಸಿದ್ದನ್ನೇ ಮತ್ತೆ ಹರಾಜಿಗಿಟ್ಟಾಗ ನೇರ ಹರಾಜಿನಲ್ಲಿ ಕೊಂಡರೂ ಈ ಹಳೆಯ ಬಡ್ಡಿ ಸೇರಿರುತ್ತದೆ.

ಹುಡ್ಕೊ, ಆರ್‌ಇಸಿ, ಎನ್‌ಎಚ್‌ಎಐಯಂಥ ಸಂಸ್ಥೆಗಳ ತೆರಿಗೆಮುಕ್ತ ಬಾಂಡುಗಳನ್ನು ಪೇಟೆಯಲ್ಲಿ ಕೊಂಡವರು ಬಡ್ಡಿಯನ್ನು ತೆರಿಗೆಯಿಲ್ಲದ ಆದಾಯದ ಶೆಡ್ಯೂಲ್ ಇಐಯಲ್ಲಿ ತೋರಿಸಿದರೆ ಸಾಕು. ಮಾರಿದಾಗ ಲಾಭವಾದರೆ ಅದಕ್ಕೆ ವಿನಾಯಿತಿ ಇಲ್ಲ.

ಹೊಸ ತೆರಿಗೆ ಪದ್ಧತಿಯಲ್ಲಿ 2025-26ರ ಒಟ್ಟು ಆದಾಯ 12 ಲಕ್ಷದೊಳಗಿದ್ದು ಪಿಂಚಣಿ, ಬಡ್ಡಿ ಬಿಟ್ಟು ಬೇರೇನೂ ಇಲ್ಲದಿದ್ದರೆ ರಿಬೇಟಿನಿಂದ ತೆರಿಗೆ ಸೊನ್ನೆಯಾಗುತ್ತದೆ. ಆಗ ಮುರಿದ ₹1,800 ಹಿಂದೆ ಬರುವುದು ರಿಟರ್ನ್ ತುಂಬಿದರೆ ಮಾತ್ರ. ಬಂಡವಾಳ ನಷ್ಟವಿದ್ದವರು ಗಡುವಿನೊಳಗೇ ತುಂಬಬೇಕು. ವಿಸ್ತರಣೆಯಾಗದಿದ್ದರೆ ಅದು ಜುಲೈ 31. ತಡವಾದರೆ ಆ ನಷ್ಟವನ್ನು ಮುಂದಿನ 8 ವರ್ಷಕ್ಕೆ ಒಯ್ಯುವ ಹಕ್ಕು ಹೋಗುತ್ತದೆ. ತುಂಬಿದ 30 ದಿನದೊಳಗೆ ಆಧಾರ್ ಒಟಿಪಿ ಹಾಕಿ ಇ-ವೆರಿಫೈ ಮಾಡಿ. ಆಧಾರಿಗೆ ಜೋಡಿಸಿದ್ದು ಮಗನ ಹಳೆಯ ನಂಬರಾಗಿದ್ದರೆ ಅದನ್ನು ಈಗಲೇ ಬದಲಿಸಿಕೊಳ್ಳಿ.