ಮೀಟರಿನ ರೇಂಜ್ ಬಿಟ್ಟು ಟ್ರಿಪ್ ಲೆಕ್ಕ ಹಿಡಿದದ್ದು

ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರಿಗೆ ಹೊರಟಾಗಲೆಲ್ಲ ಬೈಕಿನ ಮೀಟರಿನ ರೇಂಜ್, ಅಂದರೆ ಉಳಿದ ಪೆಟ್ರೋಲಿಗೆ ಇನ್ನೆಷ್ಟು ಕಿ.ಮೀ. ಓಡುತ್ತದೆ ಎಂಬ ಅಂಕಿ, ಕುಣಿಯುತ್ತಿತ್ತು. ಕೆಟ್ಟದ್ದೇನೂ ಇರಲಿಲ್ಲ. ಅದು ಈಚಿನ ಕೆಲವು ಕಿಲೋಮೀಟರಿನ ಸರಾಸರಿ ಹಿಡಿದು ಹೇಳುತ್ತದೆ. ಊರೊಳಗಿನ ಟ್ರಾಫಿಕ್ಕಿನಲ್ಲಿ ಕಡಿಮೆ, ಹೆದ್ದಾರಿಯಲ್ಲಿ ನಿಧಾನ ಹೋದರೆ ಜಾಸ್ತಿ.

ಸರಿಹೋದದ್ದು ಟ್ಯಾಂಕಿನಿಂದ ಟ್ಯಾಂಕಿಗೆ ಅಳೆದಾಗ. ಬೈಕು ನೆಟ್ಟಗೆ ನಿಲ್ಲಿಸಿ, ಬಾಯಿಯೊಳಗಿನ ತಗಡಿನ ಅಂಚಿನವರೆಗೆ ಮಾತ್ರ ತುಂಬಿಸಿ, ಟ್ರಿಪ್ ಮೀಟರ್ (ಸೊನ್ನೆ ಮಾಡಿದಲ್ಲಿಂದ ಓಡಿದ ದೂರ ತೋರಿಸುವುದು) ಸೊನ್ನೆ ಮಾಡಿ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿದ್ದರೆ ಬಲಬದಿಯಲ್ಲಿ ಗಾಳಿ ಉಳಿದು ಲೆಕ್ಕ ತಪ್ಪುತ್ತದೆ. ಮುಚ್ಚಳದವರೆಗೂ ತುಂಬಬೇಡಿ, ನಮ್ಮ ಬಿಸಿಲಿಗೆ ಪೆಟ್ರೋಲ್ ಉಬ್ಬುತ್ತದೆ. 200 ಕಿ.ಮೀ. ಓಡಿಸಿ ಅದೇ ಅಂಚಿಗೆ ಮತ್ತೆ ತುಂಬಿಸಿ, ಓಡಿದ ಕಿ.ಮೀ.ಯನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ.

ಲಗೇಜು, ಹಿಂದೆ ಒಬ್ಬರು, ನಿಮ್ಮ ನಿಜವಾದ ವೇಗ, ಎಲ್ಲ ಇಟ್ಟುಕೊಂಡೇ ಅಳೆಯಿರಿ. 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟು ದಾಟುತ್ತದೆ. ಬಯಲಿನ ಎದುರುಗಾಳಿ ಬೇರೆ.

15 ಲೀಟರಿನ ಟ್ಯಾಂಕು, ಲೀಟರಿಗೆ 28 ಕಿ.ಮೀ. ಮೈಲೇಜು ಎಂದುಕೊಳ್ಳಿ. 2 ಲೀಟರ್ ಮುಟ್ಟಬಾರದು: ಫ್ಯುಯೆಲ್ ಇಂಜೆಕ್ಷನ್ ಬೈಕಿನಲ್ಲಿ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ತಣ್ಣಗಿರುವುದು ಆ ಪೆಟ್ರೋಲಿನಿಂದಲೇ. ಉಳಿದ 13ಕ್ಕೆ 364 ಕಿ.ಮೀ.; ಮುಂಜಾಗ್ರತೆಗೆ ಹತ್ತನೇ ಒಂದು ಭಾಗ ಕಳೆದರೆ ಸುಮಾರು 325. ಬಂಕು ಹುಡುಕಲು ಸ್ವಲ್ಪ ದೂರ ಉಳಿದಿರಲಿ ಎಂದು, ಟ್ರಿಪ್ 280 ತೋರಿಸಿದ ಮೇಲೆ ಸಿಗುವ ಮೊದಲ ಬಂಕಿನಲ್ಲೇ ನಿಲ್ಲಿಸಿ.