ಎರಡು ವೇಗದ ಕಲಿಕೆ: ಕೈಚಲನೆಗೆ ಗಣಿತ ಮಾದರಿ ಕಟ್ಟಿದ ನನ್ನ ಅನುಭವ

ಮಿದುಳಿನ ಕೆಲಸಕ್ಕೆ ಗಣಿತ ಮಾದರಿ ಕಟ್ಟುವುದೆಂದರೆ ಕಂಪ್ಯೂಟರಿನೊಳಗೆ ಲಕ್ಷಾಂತರ ನರಕೋಶಗಳ ಜಾಲ ಹೆಣೆಯುವುದೆಂದೇ ನನ್ನ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ತಿಳಿದುಕೊಂಡಿರುತ್ತಾರೆ. ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಕಲಿಸುವ ನಾನು ಬೇಕೆಂದೇ ಆ ದಾರಿ ಹಿಡಿಯಲಿಲ್ಲ. ಮನುಷ್ಯನ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಸುಮಾರು 6,900 ಕೋಟಿ ಕಿರುಮಿದುಳಿನಲ್ಲಿಯೇ ಇವೆ. ಚಲನೆಯ ಹೊಂದಾಣಿಕೆಗೆ ಆ ಭಾಗ ಅಗತ್ಯವೆಂಬುದು ಕಿರುಮಿದುಳಿಗೆ ಹಾನಿಯಾದವರಲ್ಲಿ ಕಂಡುಬಂದಿದೆ. ಹೊರಗಿನಿಂದ ಬರುವ ಸಂಕೇತವೊಂದು ಅಲ್ಲಿನ ಪರ್ಕಿಂಜೆ ಕೋಶಗಳೆಂಬ ದೊಡ್ಡ ನರಕೋಶಗಳಿಗೆ ಪಾಠ ಹೇಳುತ್ತದೆಂದು ಡೇವಿಡ್ ಮಾರ್ 1969ರಲ್ಲಿಯೂ ಜೇಮ್ಸ್ ಆಲ್ಬಸ್ 1971ರಲ್ಲಿಯೂ ಮುಂದಿಟ್ಟ ಸಿದ್ಧಾಂತಗಳನ್ನು ನಾನು ತರಗತಿಯಲ್ಲಿ ಸಂತೋಷದಿಂದ ವಿವರಿಸುತ್ತೇನೆ. ಆದರೆ ನನ್ನ ಮೇಜಿನ ಮೇಲೆ ಅಳೆಯಲು ಸಿಗುವುದು ಪರ್ಕಿಂಜೆ ಕೋಶವಲ್ಲ, ಒಬ್ಬ ಮನುಷ್ಯನ ಕೈ ಯಾವ ದಿಕ್ಕಿಗೆ ಹೊರಟಿತು ಎಂಬ ಒಂದೇ ಒಂದು ಕೋನ. ಅಳೆಯಲಾಗದ್ದನ್ನು ಮಾದರಿಯೊಳಗೆ ತುಂಬಿದರೆ ಅದು ಏನನ್ನು ಬೇಕಾದರೂ ಹೇಳಬಲ್ಲದು, ಆದ್ದರಿಂದ ಏನನ್ನೂ ಹೇಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ನಾನು ಆರಿಸಿಕೊಂಡದ್ದು ಮಾರಿಸ್ ಸ್ಮಿತ್, ಅಲಿ ಘಾಜಿಜಾದೆ ಮತ್ತು ರೆಜಾ ಶಾದ್ಮೆಹರ್ 2006ರಲ್ಲಿ ಪ್ರಕಟಿಸಿದ ಎರಡು ಸ್ಥಿತಿಗಳ ಮಾದರಿ. ಹೊಸ ಕನ್ನಡಕ ಹಾಕಿಕೊಂಡವರು ಮೊದಮೊದಲು ಮೆಟ್ಟಿಲಿನ ಮೇಲೆ ಕಾಲಿಡುವಾಗ ತಡವರಿಸಿ ಸ್ವಲ್ಪ ಹೊತ್ತಿನಲ್ಲೇ ಸರಿಹೋಗುತ್ತಾರಲ್ಲ, ಆ ಬಗೆಯ ಹೊಂದಾಣಿಕೆಯೇ ಅದರ ವಿಷಯ. ಪ್ರತಿಯೊಂದು ಪ್ರಯತ್ನದಲ್ಲಿಯೂ ಮಿದುಳು ತಾನು ಬಯಸಿದ್ದಕ್ಕೂ ಕಣ್ಣಿಗೆ ಕಂಡದ್ದಕ್ಕೂ ಇರುವ ವ್ಯತ್ಯಾಸವನ್ನು, ಅಂದರೆ ದೋಷವನ್ನು, ಗಮನಿಸುತ್ತದೆ. ಮುಂದಿನ ಪ್ರಯತ್ನಕ್ಕೆ ಹಿಂದೆ ಕಲಿತದ್ದರಲ್ಲಿ ಒಂದು ಪಾಲು ಉಳಿಯುತ್ತದೆ, ದೋಷದ ಒಂದು ಪಾಲು ಅದಕ್ಕೆ ಸೇರುತ್ತದೆ. ಉಳಿಕೆಗೆ ಒಂದು ಗುಣಾಂಕ, ಕಲಿಕೆಗೆ ಒಂದು ಗುಣಾಂಕ. ಇಂಥ ಎರಡು ಪ್ರಕ್ರಿಯೆಗಳು (ಹೆಸರಿನಲ್ಲಿರುವ ಎರಡು ಸ್ಥಿತಿಗಳು ಇವೇ) ಏಕಕಾಲಕ್ಕೆ ನಡೆಯುತ್ತವೆ ಎಂಬುದೇ ಈ ಮಾದರಿಯ ವಿಶೇಷ. ಒಂದು ಬೇಗ ಕಲಿತು ಬೇಗ ಮರೆಯುತ್ತದೆ, ಇನ್ನೊಂದು ನಿಧಾನವಾಗಿ ಕಲಿತು ನಿಧಾನವಾಗಿ ಮರೆಯುತ್ತದೆ, ಮತ್ತು ಕೈಯಲ್ಲಿ ಕಾಣುವುದು ಅವೆರಡರ ಮೊತ್ತ ಮಾತ್ರ. ಯಂತ್ರದ ತೋಳು ಕೈಯನ್ನು ಪಕ್ಕಕ್ಕೆ ತಳ್ಳುವ ಪ್ರಯೋಗಕ್ಕೆ ಅವರು ಕೊಟ್ಟ ಗುಣಾಂಕಗಳು ಹೀಗಿವೆ: ಚುರುಕಿನ ಪ್ರಕ್ರಿಯೆಗೆ ಉಳಿಕೆ 0.59, ಕಲಿಕೆ 0.21, ನಿಧಾನದ ಪ್ರಕ್ರಿಯೆಗೆ ಉಳಿಕೆ 0.992, ಕಲಿಕೆ 0.02. ಇದರಂತೆ ದೋಷವೇ ಇಲ್ಲದಾಗ ಮೊದಲನೆಯದು ಒಂದೆರಡು ಪ್ರಯತ್ನಗಳಲ್ಲಿಯೇ ಅರ್ಧಕ್ಕಿಳಿಯುತ್ತದೆ, ಎರಡನೆಯದು ಅರ್ಧಕ್ಕಿಳಿಯಲು ಸುಮಾರು 86 ಪ್ರಯತ್ನಗಳು ಬೇಕು.

ಈ ಗುಣಾಂಕಗಳನ್ನು ಸ್ಪ್ರೆಡ್‌ಶೀಟಿನಲ್ಲಿಟ್ಟು ಕೈಯಾರೆ ಲೆಕ್ಕ ಮಾಡಿದಾಗಲೇ ಮಾದರಿಯ ಸ್ವಾರಸ್ಯ ನನಗೆ ಹಿಡಿತಕ್ಕೆ ಸಿಕ್ಕಿತು. ತೆರೆಯ ಮೇಲಿನ ಕರ್ಸರ್ ಕೈಯ ದಿಕ್ಕಿಗಿಂತ 30 ಡಿಗ್ರಿ ಎಡಕ್ಕೆ ಓಡುವಂತೆ ಮಾಡಿದ್ದೇವೆ ಎಂದಿಟ್ಟುಕೊಳ್ಳೋಣ. ಬಹಳಷ್ಟು ಪ್ರಯತ್ನಗಳ ನಂತರ ಕೈ ಸುಮಾರು 22.5 ಡಿಗ್ರಿ ಬಲಕ್ಕೆ ಹೋಗಿ ನೆಲೆ ನಿಲ್ಲುತ್ತದೆ. ಅದರಲ್ಲಿ ನಿಧಾನದ ಪಾಲು 18.7, ಚುರುಕಿನ ಪಾಲು 3.8. ಈಗ ತಿರುವನ್ನು ಉಲ್ಟಾ ಮಾಡಿ, ಕರ್ಸರನ್ನು 30 ಡಿಗ್ರಿ ಬಲಕ್ಕೆ ಓಡಿಸಿದರೆ ನಾಲ್ಕೇ ಪ್ರಯತ್ನಗಳಲ್ಲಿ ಮೊತ್ತ ಸೊನ್ನೆಗೆ ಬರುತ್ತದೆ. ಹೊರಗಿನಿಂದ ನೋಡಿದವರಿಗೆ ಆ ವ್ಯಕ್ತಿ ಕಲಿತದ್ದೆಲ್ಲವನ್ನೂ ಮರೆತಂತೆ ಕಾಣುತ್ತದೆ. ಒಳಗೆ ನಿಧಾನದ ಪ್ರಕ್ರಿಯೆ ಇನ್ನೂ 15 ಡಿಗ್ರಿ ಬಲಕ್ಕಿದೆ, ಚುರುಕಿನದು 15 ಡಿಗ್ರಿ ಎಡಕ್ಕಿದೆ, ಎರಡೂ ಒಂದನ್ನೊಂದು ಮುಚ್ಚಿ ಹಾಕಿವೆ. ಆ ಗಳಿಗೆಯಿಂದ ಮುಂದೆ, ಕೈ ಎತ್ತ ಹೋದರೂ ಕರ್ಸರ್ ನೆಟ್ಟಗೆ ಗುರಿಗೇ ಹೋಗುವಂತೆ ಮಾಡಿದರೆ, ಅಂದರೆ ಸಂಶೋಧಕರು ಎರರ್ ಕ್ಲ್ಯಾಂಪ್ ಎನ್ನುವ ಏರ್ಪಾಡು ಮಾಡಿದರೆ, ಚುರುಕಿನದು ಬೇಗ ಕರಗಿ ಕೈ ತಾನಾಗಿಯೇ ಮತ್ತೆ ಬಲಕ್ಕೆ ವಾಲತೊಡಗುತ್ತದೆ. ಎಂಟೊಂಬತ್ತು ಪ್ರಯತ್ನಗಳಲ್ಲಿ ಸುಮಾರು 14 ಡಿಗ್ರಿ ಮುಟ್ಟಿ, ಅಲ್ಲಿಂದ ನಿಧಾನವಾಗಿ ಇಳಿಯುತ್ತದೆ. ಒಂದೇ ಸ್ಥಿತಿಯ ಮಾದರಿಯಾದರೆ ಸೊನ್ನೆಗೆ ಬಂದದ್ದು ಸೊನ್ನೆಯಲ್ಲಿಯೇ ಉಳಿಯಬೇಕು. ಎರಡು ಊಹೆಗಳ ನಡುವೆ ಇಷ್ಟು ಸ್ಪಷ್ಟವಾದ ಪಂಥ ಸಿಗುವುದು ಈ ಕ್ಷೇತ್ರದಲ್ಲಿ ಅಪರೂಪ.

ಯಂತ್ರದ ತೋಳು ಕೊಳ್ಳುವ ಶಕ್ತಿ ನಮ್ಮ ವಿಭಾಗಕ್ಕಿರಲಿಲ್ಲ. ಚಿತ್ರ ಬಿಡಿಸುವವರು ಬಳಸುವ ಗ್ರಾಫಿಕ್ಸ್ ಟ್ಯಾಬ್ಲೆಟ್, ಒಂದು ಮಾನಿಟರ್, ಮತ್ತು ಕೈ ಕಾಣದಂತೆ ಟ್ಯಾಬ್ಲೆಟ್ಟಿನ ಮೇಲೆ ಮುಚ್ಚಲು ಬಡಗಿಯಿಂದ ಮಾಡಿಸಿದ ಪ್ಲೈವುಡ್ಡಿನ ಗೂಡು, ಇವಿಷ್ಟರಲ್ಲಿ ಕೆಲಸ ನಡೆಯಿತು. ಪ್ರೋಗ್ರಾಮನ್ನು ಪೈಥಾನಿನಲ್ಲಿ ಬರೆದೆ. ಪೆನ್ನು ಸರಿದದ್ದಕ್ಕೂ ಕರ್ಸರ್ ಸರಿದದ್ದಕ್ಕೂ ನಡುವಿನ ತಡವನ್ನು ಫೋನಿನ ಸ್ಲೋ ಮೋಷನ್ ಕ್ಯಾಮೆರಾದಿಂದ ಅಳೆಯುವುದು ಅಗತ್ಯವೆಂದು ಇಂಥ ಕೆಲಸಕ್ಕೆ ಇಳಿಯುವವರಿಗೆ ಹೇಳಬೇಕು. ಕ್ಯಾಮೆರಾ ಸೆಕೆಂಡಿಗೆ 240 ಚಿತ್ರ ಹಿಡಿದರೆ ಒಂದೊಂದು ಚಿತ್ರವೂ ಸುಮಾರು 4 ಮಿಲಿಸೆಕೆಂಡು, ಎಣಿಸಿದರಾಯಿತು. ಕಣ್ಣಿಗೆ ಸಿಗುವ ಮಾಹಿತಿ ತಡವಾದಷ್ಟೂ ಹೊಂದಾಣಿಕೆ ಕುಗ್ಗುವುದರಿಂದ ಈ ತಡವನ್ನು ಆದಷ್ಟು ತಗ್ಗಿಸಿಕೊಳ್ಳಬೇಕು. ಕೈಯ ದಿಕ್ಕನ್ನು ಚಲನೆಯ ಕೊನೆಯಲ್ಲಿ ಅಳೆಯದೆ ಮೊದಲ 150 ಮಿಲಿಸೆಕೆಂಡಿನೊಳಗೆ ಅಳೆದದ್ದಕ್ಕೂ ಕಾರಣವಿದೆ: ಅಷ್ಟು ಹೊತ್ತಿಗೆ ಕಣ್ಣು ನೋಡಿ ತಿದ್ದಿಕೊಳ್ಳುವ ಕೆಲಸ ಇನ್ನೂ ಆರಂಭವಾಗಿರುವುದಿಲ್ಲವಾದ್ದರಿಂದ, ಆ ಕೋನ ಮಿದುಳು ಮೊದಲೇ ಹಾಕಿಕೊಂಡ ಯೋಜನೆಯನ್ನು ತೋರಿಸುತ್ತದೆ.

ಸ್ವಯಂಸೇವಕರನ್ನು ಕೂರಿಸುವ ಮೊದಲು ನಾನು ಬಹಳ ಕಾಲ ಕಳೆದದ್ದು ಕೃತಕ ದತ್ತಾಂಶದ ಜೊತೆ. ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇದೇ. ಗೊತ್ತಿರುವ ಗುಣಾಂಕಗಳಿಂದ ಕಂಪ್ಯೂಟರಿನಲ್ಲಿಯೇ ಒಬ್ಬ ಕಲ್ಪಿತ ವ್ಯಕ್ತಿಯ ಚಲನೆಗಳನ್ನು ಸೃಷ್ಟಿಸಿ, ಮನುಷ್ಯರ ಕೈಯಲ್ಲಿ ಕಾಣುವಂಥ ಮೂರು ನಾಲ್ಕು ಡಿಗ್ರಿಗಳ ಚದುರುವಿಕೆಯನ್ನು ಅದಕ್ಕೆ ಬೆರೆಸಿ, ಆಮೇಲೆ ಆ ಗುಣಾಂಕಗಳನ್ನೇ ಅರಿಯದವನಂತೆ ದತ್ತಾಂಶದಿಂದ ಅವುಗಳನ್ನು ಮರಳಿ ಪಡೆಯಲು ಪ್ರಯತ್ನಿಸುವುದು ಇದರ ಕ್ರಮ. ಬರೀ ಕಲಿಕೆಯ ಘಟ್ಟವಿರುವ ಪ್ರಯೋಗದಲ್ಲಿ ಮರಳಿ ಬಂದ ಉತ್ತರಗಳು ಎಲ್ಲೆಲ್ಲೋ ಚೆಲ್ಲಾಡಿದ್ದವು. ಒಂದಕ್ಕೊಂದು ಸಂಬಂಧವಿಲ್ಲದ ಹಲವು ಗುಣಾಂಕಗಳ ಗುಂಪುಗಳು ಅದೇ ಏರುಗೆರೆಯನ್ನು ಅಷ್ಟೇ ಚೆನ್ನಾಗಿ ಹಾಯ್ದು ಹೋಗುತ್ತಿದ್ದವು. ಉಲ್ಟಾ ತಿರುವನ್ನೂ ಅದರ ಹಿಂದೆಯೇ ಎರರ್ ಕ್ಲ್ಯಾಂಪನ್ನೂ ಸೇರಿಸಿದೊಡನೆ ಉತ್ತರಗಳು ನಿಜವಾದ ಬೆಲೆಗಳ ಸುತ್ತ ಬಂದು ಕೂತವು. ಏಕೆಂದರೆ ಎರಡೂ ಪ್ರಕ್ರಿಯೆಗಳು ವಿರುದ್ಧ ದಿಕ್ಕಿಗೆ ಎಳೆಯುವ ಘಟ್ಟ ಒಂದಾದರೂ ಇಲ್ಲದೆ ಅವುಗಳ ಮೊತ್ತದಿಂದ ಅವನ್ನು ಬೇರ್ಪಡಿಸಲು ಆಗುವುದಿಲ್ಲ. ಪ್ರಯೋಗದ ಕ್ರಮವನ್ನು ನಿರ್ಧರಿಸಿದ್ದು ಹೀಗೆ ಮಾದರಿಯೇ. ಮೊದಲು ದತ್ತಾಂಶ ಕೂಡಿಹಾಕಿ ಆಮೇಲೆ ಮಾದರಿ ಹುಡುಕುವ ನಮ್ಮ ಪ್ರಾಜೆಕ್ಟ್ ವರದಿಗಳ ರೂಢಿಯ ಬಗ್ಗೆ ನನ್ನ ತಕರಾರು ಇರುವುದು ಇಲ್ಲಿಯೇ.

ಗುಣಾಂಕಗಳನ್ನು ಹುಡುಕಲು ಪೈಥಾನಿನ ಸೈಪೈ ಎಂಬ ಗಣಿತದ ಲೈಬ್ರರಿ ಒದಗಿಸುವ ಸಾಮಾನ್ಯ ಆಪ್ಟಿಮೈಸೇಶನ್ ವಿಧಾನ, ಅಂದರೆ ದತ್ತಾಂಶಕ್ಕೆ ಅತಿ ಚೆನ್ನಾಗಿ ಹೊಂದುವ ಬೆಲೆಗಳನ್ನು ಹುಡುಕುವ ವಿಧಾನ, ಸಾಕಾಯಿತು. ಚುರುಕಿನದರ ಉಳಿಕೆ ನಿಧಾನದ್ದಕ್ಕಿಂತ ಕಡಿಮೆ, ಕಲಿಕೆ ಹೆಚ್ಚು ಇರಲೇಬೇಕೆಂಬ ಕಟ್ಟು ಹಾಕಿ, ಬೇರೆ ಬೇರೆ ಆರಂಭ ಬಿಂದುಗಳಿಂದ ಓಡಿಸಬೇಕು, ಅಷ್ಟೆ.

ಸ್ವಯಂಸೇವಕರಾಗಿ ಬಂದವರು ಹೆಚ್ಚಾಗಿ ನಮ್ಮ ವಿದ್ಯಾರ್ಥಿಗಳು; ಅವರ ಜೊತೆ ಬೀಟೆ ಮರದಲ್ಲಿ ಇನ್‌ಲೇ ಕೆಲಸ ಮಾಡುವ ಹಿರಿಯರೊಬ್ಬರೂ ಕುತೂಹಲದಿಂದ ಬಂದು ಕೂತರು. ತಿರುವಿಲ್ಲದ ಆರಂಭದ ಘಟ್ಟದಲ್ಲಿ ಅವರ ಕೈಯ ಚದುರುವಿಕೆ ಹುಡುಗರದಕ್ಕಿಂತ ಎದ್ದು ಕಾಣುವಷ್ಟು ಕಡಿಮೆಯಿತ್ತು, ಆದರೆ ತಿರುವಿಗೆ ಹೊಂದಿಕೊಳ್ಳುವ ವೇಗದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಒಬ್ಬರ ಕೈಯಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲವಾದರೂ, ಕೈ ಪಳಗಿರುವುದೂ ಕೈ ಹೊಸದಕ್ಕೆ ಒಗ್ಗುವುದೂ ಬೇರೆ ಬೇರೆ ಸಂಗತಿಗಳೆಂದು ತರಗತಿಯಲ್ಲಿ ಹೇಳುವಾಗ ನನಗೆ ಆ ಗ್ರಾಫ್ ನೆನಪಾಗುತ್ತದೆ.

ಹೆಚ್ಚು ತಲೆನೋವು ಕೊಟ್ಟದ್ದು ಹುಡುಗರ ಜಾಣತನ. “ಸಾರ್, ಕರ್ಸರ್ ಎಡಕ್ಕೆ ಓಡ್ತಿದೆ ಅಂತ ಗೊತ್ತಾಯ್ತು, ಅದಕ್ಕೇ ನಾನು ಬೇಕಂತಲೇ ಬಲಕ್ಕೆ ಎಳೀತಿದೀನಿ” ಎಂದು ಒಬ್ಬ ಹೆಮ್ಮೆಯಿಂದ ಹೇಳಿದ. ಅವನ ಗ್ರಾಫಿನಲ್ಲಿ ಏರುವ ಗೆರೆಯ ಬದಲು ಒಂದೇ ನೆಗೆತವಿತ್ತು. ಇಂಥವರನ್ನೆಲ್ಲ ಸೇರಿಸಿ ಸರಾಸರಿ ತೆಗೆದರೆ ನೆಗೆತಗಳೆಲ್ಲ ಕರಗಿ ನುಣುಪಾದ ಏರುಗೆರೆ ಬಂದುಬಿಡುತ್ತದೆ, ಮಾದರಿಯೂ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಆದ್ದರಿಂದಲೇ ನಾನು ಒಬ್ಬೊಬ್ಬರ ದತ್ತಾಂಶಕ್ಕೂ ಬೇರೆ ಬೇರೆಯಾಗಿ ಮಾದರಿ ಹೊಂದಿಸಿದೆ. ಈ ಜಾಣತನದ ಮಿತಿಯನ್ನು ಮಾಜೋನಿ ಮತ್ತು ಕ್ರಾಕವರ್ 2006ರಲ್ಲಿಯೇ ತೋರಿಸಿದ್ದರು. 45 ಡಿಗ್ರಿ ತಿರುವಿಗೆ ಪಕ್ಕದ ಗುರಿಯತ್ತ ಕೈ ಹಾಕಿ ಎಂಬ ಉಪಾಯವನ್ನು ಮೊದಲೇ ಹೇಳಿಕೊಟ್ಟಾಗ ಜನರು ಕೂಡಲೇ ಗುರಿ ಮುಟ್ಟಿದರು, ಆದರೆ ಅವರ ಅರಿವಿಗೆ ಬಾರದೆ ಹೊಂದಾಣಿಕೆ ಮುಂದುವರಿದು, ಬರಬರುತ್ತ ಅವರನ್ನು ಗುರಿಯಿಂದ ಇನ್ನೊಂದು ಬದಿಗೆ ಒಯ್ದಿತು. ಚುರುಕಿನ ಪ್ರಕ್ರಿಯೆಯ ಬಹುಪಾಲು ಇಂಥ ತಿಳಿದು ಮಾಡುವ ಉಪಾಯವೇ, ನಿಧಾನದ್ದು ಅರಿವಿಗೆ ಬಾರದ ಹೊಂದಾಣಿಕೆ ಎಂದು 2015ರಲ್ಲಿ ಮ್ಯಾಕ್‌ಡೂಗಲ್, ಬಾಂಡ್ ಮತ್ತು ಟೇಲರ್ ವಾದಿಸಿದರು. ನನ್ನ ಪ್ರಯೋಗದಲ್ಲಿ ಕ್ಲ್ಯಾಂಪ್ ಘಟ್ಟಕ್ಕೆ ಮುಂಚೆ “ಇನ್ನು ಕರ್ಸರ್ ಕಡೆ ಗಮನ ಬೇಡ, ಉಪಾಯವೂ ಬೇಡ, ಕೈಯನ್ನೇ ನೇರ ಗುರಿಯತ್ತ ಒಯ್ಯಿ” ಎಂದು ಹೇಳುವ ಪದ್ಧತಿಯನ್ನಿಟ್ಟೆ. ಹಾಗೆ ಹೇಳಿದ ಮೇಲೂ ಬಹುಪಾಲು ಮಂದಿಯ ಕೈ ಬಲಕ್ಕೆ ವಾಲಿತು, ಮತ್ತು ತಮ್ಮ ಕೈ ನೆಟ್ಟಗೇ ಹೋಗುತ್ತಿದೆಯೆಂದು ಅವರು ನಂಬಿದ್ದರು.

ಹಾಗೆಂದು ಮಾದರಿಗೆ ಮಾರುಹೋಗಬೇಕಿಲ್ಲ. ಒಮ್ಮೆ ಕಲಿತು, ಪೂರ್ತಿ ಅಳಿಸಿಹೋಗುವಷ್ಟು ಹೊತ್ತು ತಿರುವಿಲ್ಲದೆ ಅಭ್ಯಾಸ ಮಾಡಿಸಿ, ಮತ್ತೆ ಅದೇ ತಿರುವನ್ನು ಕೊಟ್ಟರೆ ಮನುಷ್ಯರು ಮೊದಲಿಗಿಂತ ಬೇಗ ಕಲಿಯುತ್ತಾರೆ. ಎರಡು ಸ್ಥಿತಿಗಳೂ ಸೊನ್ನೆಗೆ ಬಂದ ಮೇಲೆ ಸ್ಥಿರ ಗುಣಾಂಕಗಳ ಮಾದರಿ ಮೊದಲಿನಷ್ಟೇ ವೇಗದಲ್ಲಿ ಕಲಿಯಬಲ್ಲದು, ಅದಕ್ಕಿಂತ ಬೇಗ ಅಲ್ಲ. ಜಾರಾನ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ವಿವರವಾಗಿ ಎತ್ತಿ ತೋರಿಸಿದ್ದಾರೆ.

ಮಂಡ್ಯದಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನನ್ನ ಚಿಕ್ಕಮ್ಮನ ಮಗಳು ಈ ಗ್ರಾಫುಗಳನ್ನು ನೋಡಿದವಳೇ, “ಅಣ್ಣ, ಹಾಗಾದ್ರೆ ಪಾರ್ಶ್ವವಾಯು ಆದೋರಿಗೆ ದಿನಕ್ಕೆ ಎಷ್ಟು ಸಲ ಕೈ ಆಡಿಸ್ಬೇಕು ಅಂತ ನಿನ್ನ ಲೆಕ್ಕ ಹೇಳುತ್ತಾ?” ಎಂದು ಕೇಳಿದಳು. ಹೇಳುವುದಿಲ್ಲ ಎಂದೆ. ಕೈಗೆ ಬಲ ಮರಳಿ ಬರುವುದೂ ತೆರೆಯ ಮೇಲಿನ ತಿರುವಿಗೆ ಒಗ್ಗುವುದೂ ಒಂದೇ ಅಲ್ಲ. ಅದಲ್ಲದೆ ಈ ಮಾದರಿಯ ಗಡಿಯಾರ ಎಣಿಸುವುದು ಪ್ರಯತ್ನಗಳನ್ನು ಮಾತ್ರ. ಎರಡು ಪ್ರಯತ್ನಗಳ ನಡುವೆ ಐದು ಸೆಕೆಂಡು ಕಳೆದರೂ ಒಂದು ರಾತ್ರಿ ಕಳೆದರೂ ಅದಕ್ಕೆ ಲೆಕ್ಕ ಒಂದೇ. ಅವಳ ರೋಗಿಗಳಾದರೋ ಮನೆಗೆ ಹೋಗಿ, ಮಲಗಿ ಎದ್ದು, ಎರಡು ದಿನ ಬಿಟ್ಟು ಬರುವವರು.

ಅವಳ ಪ್ರಶ್ನೆಯಿಂದಾಗಿ ಮುಂದಿನ ಪ್ರಯೋಗ ರೂಪುಗೊಂಡಿದೆ. ಉಲ್ಟಾ ತಿರುವು ಮುಗಿದು ಮೊತ್ತ ಸೊನ್ನೆಗೆ ಬಂದ ಕೂಡಲೇ ಕ್ಲ್ಯಾಂಪ್ ಆರಂಭಿಸದೆ, ಕೆಲವರನ್ನು ಕೈ ಆಡಿಸದಂತೆ ಒಂದೆರಡು ನಿಮಿಷ ಸುಮ್ಮನೆ ಕೂರಿಸುತ್ತೇವೆ. ಚುರುಕಿನ ಪ್ರಕ್ರಿಯೆ ಪ್ರಯತ್ನದಿಂದ ಪ್ರಯತ್ನಕ್ಕೆ ಮಾತ್ರ ಕರಗುವುದಾದರೆ ವಿರಾಮದ ನಂತರದ ಮೊದಲ ಚಲನೆ ಸೊನ್ನೆಯ ಆಸುಪಾಸಿನಲ್ಲಿಯೇ ಇರಬೇಕು. ಸುಮ್ಮನೆ ಕೂತಾಗಲೂ ಅದು ಕರಗುವುದಾದರೆ ಮೊದಲ ಚಲನೆಯೇ 15 ಡಿಗ್ರಿಯ ಹತ್ತಿರಕ್ಕೆ ನೆಗೆಯಬೇಕು. ಎರಡೂ ಊಹೆಗಳನ್ನು ಕೃತಕ ದತ್ತಾಂಶದಲ್ಲಿ ಓಡಿಸಿ, ನಮ್ಮ ಟ್ಯಾಬ್ಲೆಟ್ಟಿನ ಚದುರುವಿಕೆಯಲ್ಲಿಯೂ ಅವನ್ನು ಬೇರ್ಪಡಿಸಬಹುದೆಂದು ಖಚಿತಪಡಿಸಿಕೊಂಡಿದ್ದೇನೆ. ಇನ್ನು ಪರೀಕ್ಷೆಗಳು ಮುಗಿದು ಹುಡುಗರು ಬಿಡುವಾಗಬೇಕು.