ಹೊಟ್ಟಿ ಇಳಿತು, ಕೌಂಟ್ ಏರಿತು: ನನ್ನ ಅನುಭವ

ತೂಕ ಇಳಿಸಿ ವೀರ್ಯಾಣು ಕೌಂಟ್ ಏರಿಸಿಕೊಂಡಿದ್ದು ಹೆಂಗ ಅಂತ ಬರ್ಯಾಕತ್ತೀನಿ. ಮೊಟಿಲಿಟಿ ಅಂದ್ರ ವೀರ್ಯಾಣುಗೋಳ ಓಡಾಟ, ಅದೇನು ಅಂತ ಮತ್ತ ಕೇಳಬ್ಯಾಡ್ರಿ. ನಂದು ಮಹಾಲಿಂಗಪುರದಾಗ ಬೆಲ್ಲದ ಅಂಗಡಿ. ಹೋದ ವರ್ಷ ತೂಕ 104 ಕೆಜಿ ಆಜೂಬಾಜೂ, ಕೌಂಟ್ ಎಂಎಲ್‌ಗೆ 8-9 ಮಿಲಿಯನ್ (ಡಬ್ಲ್ಯೂಎಚ್‌ಒ 2021ರ ಲೆಕ್ಕದಾಗ 16 ಕೆಳಗಿನ ಗೆರಿ), ಟೆಸ್ಟೋಸ್ಟೆರಾನ್ (ಗಂಡು ಹಾರ್ಮೋನು, ಮುಂದ ಬರೇ ಟಿ ಅಂತೀನಿ) ಬರೇ 230ರಷ್ಟು, ಎಸ್ಟ್ರಾಡಿಯೋಲ್ (ಎಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನಿನ ಒಂದು ನಮೂನಿ) ಮಾತ್ರ ಮ್ಯಾಲೆ ಕುಂತಿತ್ತು, ಟಿ ಅಷ್ಟು ಇಳಿದ್ರೂ ಅದನ್ನ ತಯಾರ್ ಮಾಡಸೋ ಹಾರ್ಮೋನು ಎಲ್‌ಎಚ್ ಏರಿದ್ದಿಲ್ಲ. ಹೊಟ್ಟಿ ಕೊಬ್ಬಿನ್ಯಾಗಿನ ಅರೋಮಟೇಸ್ ಅನ್ನೋ ಎಂಜೈಮು ಟಿನ ಎಸ್ಟ್ರೋಜನ್ ಮಾಡಾಕತ್ತೈತಿ ಅಂತ ನನಗ ಅವತ್ತ ಖಾತ್ರಿ ಆತು. ಒಂದ್ ಸೆಂಟರ್‌ನಾಗ ಸೀದಾ ಇಕ್ಸಿ (ವೀರ್ಯಾಣುನ ಸೂಜಿಲೆ ಅಂಡದೊಳಗ ಹಾಕೋ ಚಿಕಿತ್ಸೆ) ಮಾಡಸ್ರಿ, ಎರಡು ಲಕ್ಷ ಹಿಡೀರಿ ಅಂದ್ರು.

ಅದಕ್ಕೂ ಮೊದ್ಲ ಡಬ್ಬಿಗೋಳಿಗೆ ಸುರಿದಿದ್ದು 35-40 ಸಾವಿರ, ಅಶ್ವಗಂಧ, ಝಿಂಕ್, ಕೋಕ್ಯೂ10, ತೂಕ ಕುಂತಲ್ಲೇ ಕುಂತಿತ್ತು, ಕೌಂಟೂ ಹಂಗ. ಜಿಮ್‌ನ್ಯಾಗ ಒಬ್ಬಾಂವ ಟಿ ಇಂಜೆಕ್ಷನ್ ತಗೋ ಅಂದ, ಡಾಕ್ಟರ್‌ ಬೈದ್ರು: ಹೊರಗಿನ ಟಿ ಒಳಗ ಹೋತಂದ್ರ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ (ವೀರ್ಯಾಣು ತಯಾರಿಗೆ ಬೇಕಾದ ಹಾರ್ಮೋನು) ಬಂದ್ ಮಾಡ್ತೈತಿ, ಕೌಂಟ್ ಸೊನ್ನಿಗೂ ಬರ್ತೈತಿ. ಮಕ್ಕಳು ಬೇಕಂದೋರು ಅದರ ಸನೇಕ ಹೋಗಬ್ಯಾಡ್ರಿ.

ನನ್ನ ಅಸಲಿ ಕಳ್ಳ ಸಿಕ್ಕಿದ್ದು ಅಂಗಡ್ಯಾಗ. ಬೆಲ್ಲದ ಪೆಂಟಿ ಮುರದು ರುಚಿ ನೋಡೋದು ನಮ್ಮ ದಂಧೆ, ಸೀಸನ್‌ದಾಗ ಒಂದಿನ ತೂಗಿ ನೋಡಿದ್ರ ಬರೇ ಸ್ಯಾಂಪಲ್ಲೇ 100 ಗ್ರಾಂ ಮ್ಯಾಲೆ! ಅವತ್ತಿಂದ ಬಾಯಾಗ ಹಾಕಿ ಉಗುಳೋದು ಕಲಿತೆ, ಗಿರಾಕಿ ನಕ್ರೂ ನಕ್ರು. ಊಟ ಎರಡು ಜ್ವಾಳದ ರೊಟ್ಟಿ, ಹೆಸರುಕಾಳು, ಹಸಿ ಉಳ್ಳಾಗಡ್ಡಿ, ಸಂಜಿ ಏಳರೊಳಗ ಬಂದ್. ಮುಂಜಾನೆ ವಾಕಿಂಗ್, ವಾರಕ್ಕ ಮೂರ್ನಾಕು ಸಲ ತೂಕ ಎತ್ತೋದು.

ನಡುವ ಒಂದ್ ಪ್ರಯೋಗ: ಬಿಗಿ ಜೀನ್ಸ್ ಬಿಟ್ಟು ಲುಂಗಿ ಉಟ್ಟು ಗಲ್ಲಾಕ್ಕ ಕುಂತೆ, ತೊಡಿ ನಡುವಿನ ಶಾಖಾನೂ ಕೌಂಟ್ ಕೆಡಸ್ತೈತಲ್ಲ. ತೂಕ ಇಳಿಸೋದು, ಲುಂಗಿ ಎರಡೂ ಒಮ್ಮೆ ನಡದಿದ್ರಿಂದ ಲುಂಗಿಗೆ ಎಷ್ಟು ಕ್ರೆಡಿಟ್ ಕೊಡ್ಬೇಕು ಅಂತ ಹೇಳಾಕ ಬರೂದಿಲ್ಲ, ಆದ್ರ ಸುಖ ಐತಿ.

ತಿಂಗಳು ಒಪ್ಪತ್ತಿಗೆ ಟೆಸ್ಟ್ ಮಾಡ್ಸಿದ್ರ ಕೌಂಟ್ ಬರೇ 10. ಮನಿಮಂದಿ ಎಲ್ಲಾ ನಕ್ರು, ಸೋದರಮಾವ ಅಂತೂ "ಹೊಟ್ಟಿ ಕರಗಿದ್ರ ಮಕ್ಕಳಾಗ್ತಾವೇನೋ ಹುಚ್ಚಪ್ಪ" ಅಂದ. ವೀರ್ಯಾಣು ತಯಾರಾಗಾಕs ಎರಡೂವರೆ ತಿಂಗಳು ಬೇಕು, ಅವಸರ ಮಾಡಿ ಟೆಸ್ಟ್ ಮಾಡ್ಸಿದ್ರ ಹಳೇ ಮಾಲೇ ಕಾಣ್ತೈತಿ. ಇದೊಂದು ತಿಳಿಲಾರದ ಅರ್ಧ ಮಂದಿ ನಡುವ ಕೈ ಬಿಡ್ತಾರ. ನಾ ಬಿಡ್ಲಿಲ್ಲ. ತೂಕ 86ಕ್ಕ ಇಳಿದು ಮೂರು ತಿಂಗಳು ನಿಂತ ಮ್ಯಾಲೆ ಅದs ಲ್ಯಾಬು, ಟೆಸ್ಟಿಗೆ ಮೊದ್ಲ ವೀರ್ಯ ಬಿಡದಂಗ ಇರೋ ಅದs ಮೂರು ದಿನದ ಗ್ಯಾಪು: ಕೌಂಟ್ 27ರ ಆಸುಪಾಸು, ಮೊಟಿಲಿಟಿ ಶೇಕಡಾ ಇಪ್ಪತ್ತರಿಂದ ನಲವತ್ತರ ಮ್ಯಾಲೆ, ಮುಂಜಾನೆ ಉಪಾಸದ ಟಿ ನಾಕ್ನೂರು ದಾಟಿತ್ತು. ಮಾರ್ಫಾಲಜಿ (ವೀರ್ಯಾಣುವಿನ ಆಕಾರ) ಮಾತ್ರ ಹೆಚ್ಚು ಸುಧಾರಿಸಲಿಲ್ಲ.

ನಮ್ಮಾಕಿಗೆ ಈಗ ಐದು ತಿಂಗಳು. ಇಕ್ಸಿಗೆ ಇಟ್ಟ ರೊಕ್ಕದಾಗ ಅಂಗಡಿಗೆ ಹೊಸ ಪತ್ರಾಸ ಬಿತ್ತು. ವೆರಿಕೋಸೀಲ್ (ವೃಷಣದ ಮ್ಯಾಲಿನ ರಕ್ತನಾಳ ಉಬ್ಬೋದು) ಇದ್ದೋರು ನನ್ನ ಲೆಕ್ಕ ಹಿಡಿಬ್ಯಾಡ್ರಿ, ಮೊದ್ಲ ಸ್ಕ್ಯಾನ್ ಮಾಡಸ್ರಿ, ನಂದು ಕ್ಲಿಯರ್ ಇತ್ತು.